ಬೋಣಿಗೆ ಮುಂಚೆ ಬಂದ ಮಿಕ್ಸಿ

ಐದು ಕಿಲೋ ಹುರಿದ ಶೇಂಗಾದಲ್ಲಿ ಪುಡಿಯಾದದ್ದು ಒಂದೇ ಒಂದು ಹಿಡಿ. ಅಷ್ಟಕ್ಕೇ ಹೊಸ ಮಿಕ್ಸಿ ಗೊರ್ ಎಂದು ಗಂಟಲು ಸರಿಮಾಡಿಕೊಂಡು, ಸುಟ್ಟ ರಬ್ಬರಿನ ವಾಸನೆ ಬಿಟ್ಟು, ಸುಮ್ಮನಾಗಿಬಿಟ್ಟಿತು. ನಿಂಗಣ್ಣ ಸ್ವಿಚ್ಚನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿದ. ಪಕ್ಕದ ಮನೆಯ ನಾಗರತ್ನಾಳ ಪ್ಲಗ್ಗಿಗೂ ಹಾಕಿ ನೋಡಿದ. ಅಲ್ಲೂ ಅದು ಬಾಯಿ ಬಿಡಲಿಲ್ಲ.

ಅಂದು ಶುಕ್ರವಾರ ಸಂಜೆ. ಭಾನುವಾರ ಎಳ್ಳ ಅಮಾವಾಸ್ಯೆ. ಕೆ.ಆರ್. ಪುರದ ಆ ಸಾಲುಮನೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಎಂಟು ಸಂಸಾರಗಳಿದ್ದವು. ಊರಲ್ಲಾದರೆ ಅದು ಹೊಲಕ್ಕೆ ಹೋಗಿ, ಭೂತಾಯಿಗೆಂದು ಅಡುಗೆಯ ಚರಗ ಚೆಲ್ಲಿ, ಪೈರಿನ ನಡುವೆ ಕೂತು ಉಣ್ಣುವ ಹಬ್ಬ. ಇಲ್ಲಿ ಹೊಲವನ್ನು ಎಲ್ಲಿಂದ ತರುವುದು? ಬುತ್ತಿ ಕಟ್ಟಿಕೊಂಡು ಕೆರೆ ಏರಿಗೆ ಹೋಗಿ, ಅಲ್ಲಿಯ ಹುಲ್ಲಿಗೇ ಚರಗ ಚೆಲ್ಲಿ ಉಂಡು ಬರುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಅಡುಗೆ. ಶೇಂಗಾ ಹೋಳಿಗೆ ನಿಂಗಣ್ಣನ ಹೆಂಡತಿ ಹುಸೇನಮ್ಮನ ಪಾಲು. ನಲವತ್ತು ಜನರ ಹೋಳಿಗೆಗೆ ಬೇಕಾದ ಶೇಂಗಾವನ್ನು ಅವಳು ಪ್ರತಿವರ್ಷ ಊರಿಂದ ತಂದ ಕಲ್ಲಿನ ಒರಳಿನಲ್ಲಿ ಕುಟ್ಟುತ್ತಿದ್ದಳು.

ಈ ವರ್ಷ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಕುಟ್ಟುವುದು, ಹಿಂಡುವುದು ಎರಡೂ ಕೂಡದು ಎಂದು ಡಾಕ್ಟರು ಪಟ್ಟಿ ಸುತ್ತಿ ಕಳಿಸಿದ್ದರು. ಆವತ್ತೇ ನಿಂಗಣ್ಣ ಶಿವಾಜಿನಗರಕ್ಕೆ ಹೋಗಿ, ಆ ಸಾಲಿಗೇ ಮೊದಲನೆಯದಾದ ಮಿಕ್ಸಿ ತಂದು, ಇನ್ನು ಮೇಲೆ ನೀನು ಒರಳು ಮುಟ್ಟಬಾರದು ಎಂದು ಸಾಲುಮನೆಗೆಲ್ಲ ಕೇಳುವ ಹಾಗೆ ಹೇಳಿದ್ದ. ಮಿಕ್ಸಿ ನಾಲ್ಕು ದಿನ ದೇವರ ಗೂಡಿನ ಕೆಳಗೆ ವಿಭೂತಿ ಪಟ್ಟೆ ಬಳಿಸಿಕೊಂಡು ಕೂತಿತ್ತು. ಶುಕ್ರವಾರ ಒಳ್ಳೆಯ ದಿನವೆಂದು ಮೊದಲ ಬಾರಿ ತಿರುಗಿತು. ಕೊನೆಯ ಬಾರಿಯೂ ಆಯಿತು.

ನಿಂಗಣ್ಣನದು ಟೈಲ್ಸ್ ಹಾಕುವ ಕೆಲಸ. ಹಾಕಿದ ಟೈಲ್ಸ್ ಮಾರನೆಯ ದಿನ ಟೊಳ್ಳು ಸದ್ದು ಮಾಡಿದರೆ, ಯಾರೂ ಕೇಳುವ ಮುಂಚೆ ತಾನೇ ಕಿತ್ತು ಬೇರೆ ಹಾಕುವ ಮನುಷ್ಯ. ಜಗಳವೆಂದರೆ ಅವನಿಗೆ ಆಗುತ್ತಿರಲಿಲ್ಲ. ಅದಕ್ಕೇ ಶನಿವಾರ ಬೆಳಿಗ್ಗೆ ನಾಗರತ್ನಾ ಅವನನ್ನು ತಯಾರು ಮಾಡಿ ಕಳಿಸಿದಳು. ಆಕೆ ಕೋಲಾರದ ಕಡೆಯವಳು, ಇಂದಿರಾನಗರದ ಆಫೀಸೊಂದರಲ್ಲಿ ಕ್ಲೀನಿಂಗ್ ಕೆಲಸ. ಅಲ್ಲಿ ಫೋನಿನಲ್ಲಿ ಜಗಳವಾಡುವವರನ್ನು ದಿನವಿಡೀ ಕೇಳಿಸಿಕೊಂಡು ಪಳಗಿದ್ದಳು. ಕೆಟ್ಟ ಮಾಲು ಕೊಟ್ಟರೆ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬದಲಾಯಿಸಿಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ಅದು ಅವರ ದೊಡ್ಡಸ್ತಿಕೆಯಲ್ಲ, ನಮ್ಮ ಹಕ್ಕು. ಮಾರಿದ ಮಾಲು ವಾಪಸ್ ಇಲ್ಲ ಅಂತ ಗೋಡೆ ಮೇಲೆ ಬರೆದಿದ್ದರೆ ಆ ಬರಹಕ್ಕೆ ಬೆಲೆಯೇ ಇಲ್ಲ ಎಂದೆಲ್ಲ ಬಾಯಿಪಾಠ ಮಾಡಿಸಿದಳು.

"ಇಲ್ಲ ಅಂದ್ರೆ ನಂಗೆ ಫೋನ್ ಮಾಡಿ ಅಣ್ಣ. ಸ್ಪೀಕರ್ ಹಾಕಿ, ಸುಮ್ನೆ ನಿಂತ್ಕೊಳಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವವರಂತೆ ಮಿಕ್ಸಿಗೆ ಟವೆಲ್ ಹೊದಿಸಿ ತೊಡೆಯ ಮೇಲಿಟ್ಟುಕೊಂಡು ನಿಂಗಣ್ಣ ಬಸ್ಸಿನಲ್ಲಿ ಕೂತ. ಹಲಸೂರು ದಾಟುವಷ್ಟರಲ್ಲಿ ಜಗಳದ ಮಾತುಗಳನ್ನು ಮೂರು ಸಲ ಮನಸ್ಸಿನಲ್ಲೇ ಒಪ್ಪಿಸಿದ್ದ.

ಮಂಜೂರ್ ಸಾಹೇಬರ ಅಂಗಡಿ ಶಿವಾಜಿನಗರದ ಒಂದು ಸಂದಿಯಲ್ಲಿತ್ತು. ಕುಕ್ಕರು, ಇಸ್ತ್ರಿ ಪೆಟ್ಟಿಗೆ, ಸ್ಟೌವು, ಒಂದೇ ತರಹದ ಮಿಕ್ಸಿ, ಇಷ್ಟೇ ಅಲ್ಲಿಯ ಸರಕು. ಹತ್ತು ಗಂಟೆಗೆ ಸಾಹೇಬರು ಶಟರ್ ಎತ್ತಿ ಊದಿನಕಡ್ಡಿ ಹಚ್ಚುವಾಗ ನಿಂಗಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಸಾಹೇಬರು ಬಿಲ್ ನೋಡಿದರು, ವಾರಂಟಿ ಕಾರ್ಡ್ ನೋಡಿದರು, ಮಿಕ್ಸಿಯ ತಳಕ್ಕೆ ಮೂಗು ಹಿಡಿದು ಮೂಸಿದರು. ಬಿಲ್ಲಿನ ಮೇಲೆ ಹುಸೇನಮ್ಮ ಎಂದು ಬರೆದಿತ್ತು. ಅದನ್ನು ಓದಿ ಇವನ ಹಣೆಯ ವಿಭೂತಿ ನೋಡಿದರು. ನಿಂಗಣ್ಣ ತಮ್ಮೂರ ದರ್ಗಾ, ಅತ್ತೆ ಕಟ್ಟಿಕೊಂಡ ಹರಕೆ, ಅದರಿಂದ ಹೆಂಡತಿಗೆ ಬಂದ ಹೆಸರು ಎಲ್ಲ ಹೇಳಿದ. ಸಾಹೇಬರ ಮುಖ ಇನ್ನಷ್ಟು ಮೆತ್ತಗಾಯಿತು.

"ಕಾಯಿಲ್ ಹೋಗಿದೆ. ನಿಮ್ದೇನೂ ತಪ್ಪಿಲ್ಲ. ಬದಲಾಯಿಸಿ ಬೇರೆ ಕೊಡ್ತೀನಿ."

ಬಾಯಿಪಾಠ ಮಾಡಿದ್ದೆಲ್ಲ ದಂಡವಾಯಿತು. ಇಲ್ಲದ ಮೆಟ್ಟಿಲಿಗೆ ಕಾಲೆತ್ತಿದವನಂತೆ ನಿಂಗಣ್ಣ ತಡವರಿಸಿದ.

"ಆದ್ರೆ ಭಾಯ್, ಇನ್ನೂ ಬೋಣಿ ಆಗಿಲ್ಲ. ಮೊದಲ ವ್ಯಾಪಾರ ಆಗ್ಬಿಡ್ಲಿ. ಐದು ನಿಮಿಷ ಕೂತ್ಕೊಳಿ."

ದುಡ್ಡು ಒಳಗೆ ಬರುವ ಮುಂಚೆ ಮಾಲು ಹಿಂದೆ ಬಂದರೆ ಇಡೀ ದಿನ ಹಿಂದಕ್ಕೇ ಹೋಗುತ್ತದೆ ಎಂಬುದು ಅವರ ತಂದೆಯ ಕಾಲದಿಂದ ನಡೆದು ಬಂದ ಕಟ್ಟಳೆ. ಬೇರೆ ಯಾರಾದರೂ ಇದಕ್ಕೆ ತಕರಾರು ತೆಗೆಯುತ್ತಿದ್ದರೋ ಏನೋ, ನಿಂಗಣ್ಣನಿಗೆ ಅದು ನ್ಯಾಯವೆಂದೇ ಕಂಡಿತು. ತಾನೂ ಮೊದಲ ಟೈಲ್ಸನ್ನು ಈಶಾನ್ಯ ಮೂಲೆಯಲ್ಲಿಟ್ಟು ಕೈಮುಗಿಯದೆ ಸಿಮೆಂಟ್ ಕಲಸುವವನಲ್ಲ. ಆಗಲಿ ಎಂದು, ಅವರು ತೋರಿಸಿದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಅಂಗಡಿಯ ಬಾಗಿಲಲ್ಲೇ, ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಹತ್ತೂ ಕಾಲಿಗೆ ಒಬ್ಬ ಹುಡುಗ ಬಂದ. ಕಲ್ಯಾಣ ನಗರದಲ್ಲಿ ಹೊಸದಾಗಿ ರೂಮು ಮಾಡಿದ್ದಾನಂತೆ, ಮಿಕ್ಸಿ ಬೇಕಂತೆ. ಸಾಹೇಬರು ಬಿಸ್ಮಿಲ್ಲಾ ಎಂದು ಎದ್ದರು. ಹುಡುಗ ನಿಂಗಣ್ಣನ ತೊಡೆಯತ್ತ ನೋಡಿ, ನೀವೂ ಇದನ್ನೇ ತಗೊಂಡ್ರಾ, ಚೆನ್ನಾಗಿದೆಯಾ ಎಂದು ಕೇಳಿದ. ಒಂದು ಹಿಡಿ ಶೇಂಗಾಕ್ಕೆ ಸುಟ್ಟುಹೋಯಿತು ಎಂದು ನಿಂಗಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಬರ್ತೀನಿ ಎಂದ ಹುಡುಗ ಸಂದಿಯ ತಿರುವಿನಲ್ಲಿ ಮಾಯವಾದ.

"ನಿಮ್ಗೆ ಯಾರ್ ಹೇಳಿ ಅಂದ್ರು?" ಎಂದರು ಸಾಹೇಬರು.

"ಅವರೇ ಕೇಳಿದ್ರಲ್ರಿ."

ಸಾಹೇಬರು ಮಿಕ್ಸಿಯ ಮೇಲೆ ಟವೆಲನ್ನು ಪೂರ್ತಿ ಎಳೆದು ಮುಚ್ಚಿದರು. ಅದರಿಂದ ಅನುಕೂಲವೇನೂ ಆಗಲಿಲ್ಲ. ಬರಿಗಣ್ಣಿಗೆ ಕಾಣುವ ಮಿಕ್ಸಿಗಿಂತ ಮುಚ್ಚಿಟ್ಟ ಮಿಕ್ಸಿಯ ಕಡೆಗೇ ಜನರ ಕಣ್ಣು ಜಾಸ್ತಿ ಹೋಗುತ್ತಿತ್ತು. ಕುಕ್ಕರ್ ಕೇಳಿಕೊಂಡು ಬಂದ ಹೆಂಗಸೊಬ್ಬಳು, ಒಳಗೆ ಗಿಳಿಯಾ ಎಂದು ವಿಚಾರಿಸಿದಳು. ಗಿಳಿಯಲ್ಲ ಎಂದ ನಿಂಗಣ್ಣ ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಗಾದರೆ ಏನು ಎಂದು ಅವಳು ಕೇಳಿದಳು. ಅವನು ಹೇಳಿದ. ಕುಕ್ಕರ್ ಕೂಡ ಹೀಗೇ ಇದ್ದರೆ ಅಂತ ಅವಳು ಹೊರಟೇಹೋದಳು.

ಎದುರಿನ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ದತ್ತು ಇದನ್ನೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತಿದ್ದ. ಅವನಿಗೂ ಗಿರಾಕಿ ಇರಲಿಲ್ಲ. ರಸ್ತೆ ಅಗೆದು ಎರಡು ತಿಂಗಳಾಗಿತ್ತು, ಗುಂಡಿ ಹಾರಿ ಬರುವಷ್ಟು ಅವಸರ ಯಾರಿಗೂ ಇರಲಿಲ್ಲ. ಅವನು ಬಂದು ಉಪಾಯ ಹೇಳಿದ: ಈ ಯಜಮಾನರೇ ಒಂದು ಗ್ಯಾಸ್ ಲೈಟರ್ ತಗೊಂಡು ಬೋಣಿ ಮಾಡಿಬಿಡಲಿ. ಸಾಹೇಬರು ತಲೆಯಾಡಿಸಿದರು. ಕೊಡುವ ಕೈ, ವಾಪಸ್ ಕೇಳುವ ಕೈ ಎರಡೂ ಒಂದೇ ಆದರೆ ಅದು ಬೋಣಿ ಹೇಗಾದೀತು? ಹಾಗಾದರೆ ನಾನೇ ತಗೋತೀನಿ ಎಂದ ದತ್ತು. ಅಕ್ಕಪಕ್ಕದವರು ಮಾಡುವುದು ನಾಟಕ, ಮೇಲಿರುವವನಿಗೆ ಅದು ತಿಳಿಯದೇ ಎಂದರು ಸಾಹೇಬರು. ದತ್ತುವಿಗೆ ಅವಮಾನವಾಯಿತು.

ಹನ್ನೊಂದೂವರೆಗೆ ನಿಂಗಣ್ಣ ನಾಗರತ್ನಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಅವಳು ಕಾನೂನಿನಿಂದಲೇ ಶುರು ಮಾಡಿದಳು. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

"ಅಮ್ಮಾ, ನೀವು ಹೇಳೋದೆಲ್ಲ ಕರೆಕ್ಟು. ನಾನು ಕೊಡಲ್ಲ ಅಂತ ಅಂದೇ ಇಲ್ವಲ್ಲ."

"ಮತ್ತೆ ಕೊಡಿ."

"ಬೋಣಿ ಆಗ್ಲಿ."

ನಾಗರತ್ನಾ ಕಲಿತ ಕಾನೂನಿನಲ್ಲಿ ಬೋಣಿಯ ಮಾತು ಬಂದಿರಲಿಲ್ಲ. ಐದು ನಿಮಿಷ ಕೊಡಿ ಎಂದು ಗ್ರಾಹಕರ ಸಹಾಯವಾಣಿಗೇ ಫೋನ್ ಮಾಡಿದಳು. ಆ ಕಡೆಯ ಹುಡುಗಿ ತಾಳ್ಮೆಯಿಂದ ಹೆಸರು, ವಿಳಾಸ, ಬಿಲ್ ನಂಬರು ಎಲ್ಲ ಬರೆದುಕೊಂಡು, ಅಂಗಡಿಯವರು ನಿರಾಕರಿಸಿದ್ದಾರಾ ಎಂದು ಕೇಳಿದಳಂತೆ. ಇಲ್ಲ. ತಡ ಮಾಡುತ್ತಿದ್ದಾರಾ? ಹೌದು. ಎಷ್ಟು ದಿನದಿಂದ? ಬೆಳಿಗ್ಗೆ ಹತ್ತರಿಂದ. ಹುಡುಗಿ, ಇನ್ನೊಂಚೂರು ಕಾದು ನೋಡಿ ಮೇಡಂ ಎಂದಳಂತೆ.

ಅತ್ತ ದತ್ತು ಅವಮಾನ ಮರೆಯಲು ಕೈಗೆ ಕೆಲಸ ಹುಡುಕುತ್ತಿದ್ದ. ಸಾಹೇಬರು ಕೈಕಾಲು ತೊಳೆಯಲು ಒಳಗೆ ಹೋದಾಗ, ಕೊಡಿ ಗುರು, ಒಂದ್ಸಲ ನೋಡಿಬಿಡ್ತೀನಿ, ವೈರು ಬಿಟ್ಟಿದ್ರೆ ಎರಡು ನಿಮಿಷದ ಕೆಲಸ ಎಂದು ಮಿಕ್ಸಿಯನ್ನು ತಿರುವಿ ಹಾಕಿ ಸ್ಕ್ರೂ ಬಿಚ್ಚಿದ. ಸ್ಕ್ರೂ ಮೇಲಿದ್ದ ಕೆಂಪು ಕಾಗದದ ಸೀಲು ಹರಿದು ಎರಡಾಯಿತು. ಒಳಗಿನ ಕಾಯಿಲ್ ಕಪ್ಪಗೆ ಕರಕಲಾಗಿತ್ತು. ಸಾಹೇಬರು ಸರಿಯಾಗಿ ಹೇಳಿದ್ದರು ಎಂದು ದತ್ತು ಮೆಚ್ಚಿಕೊಂಡ.

ಒಳಗಿಂದ ಬಂದ ಸಾಹೇಬರು ಹರಿದ ಸೀಲನ್ನು ನೋಡಿ ಹಣದ ಗಲ್ಲೆಯ ಹಿಂದೆ ಕುಸಿದು ಕೂತರು. ಸೀಲು ಒಡೆದ ಮೇಲೆ ಕಂಪನಿಯವರು ಇದನ್ನು ಮುಟ್ಟುವುದಿಲ್ಲ. ಅಂದರೆ ನಷ್ಟ ಪೂರ್ತಿ ಅವರದೇ. ಈಗ ಇಲ್ಲ ಎಂದರೂ ಅನ್ನಲಿ, ಕೇಳಲು ತನಗೆ ಮುಖವಿಲ್ಲ ಎಂದುಕೊಂಡ ನಿಂಗಣ್ಣ. ಸಾಹೇಬರು ಸೀಲಿನ ತುಂಡನ್ನು ಬೆರಳಲ್ಲಿ ಉರುಳಿಸುತ್ತ ಹೇಳಿದರು:

"ಬಿಡಿ. ಕೊಡ್ತೀನಿ ಅಂದ ಮಾತು ಸೀಲ್ ಜೊತೆ ಹರಿದೋಗಲ್ಲ. ಆದ್ರೆ ನಿಮಗೊಂದು ಕೈ ಮುಗೀತೀನಿ, ಇನ್ನೊಬ್ರು ಯಾರಾದ್ರೂ ಬಂದ್ರೆ ಬಾಯಿ ಬಿಡ್ಬೇಡಿ."

ನಿಂಗಣ್ಣ ಒಪ್ಪಿದ. ಒಪ್ಪದೆ ಇನ್ನೇನು? ಮಧ್ಯಾಹ್ನವಾಯಿತು. ಬೋಣಿಗೆ ಮುಂಚೆ ಅಂಗಡಿಯಿಂದ ದುಡ್ಡು ಹೊರಗೆ ಹೋಗಬಾರದೆಂದು ಚಹಾಕ್ಕೂ ನಿಂಗಣ್ಣನೇ ಕೊಟ್ಟ. ಜೇಬಿನಲ್ಲಿ ಬಸ್ ಚಾರ್ಜು ಮಾತ್ರ ಉಳಿಯಿತು. ಒಂದೂವರೆಗೆ ಹುಸೇನಮ್ಮ ಫೋನ್ ಮಾಡಿದಳು. ಆತೇನ್ರಿ ಎಂದಷ್ಟೇ ಕೇಳಿದಳು. ಅವಳ ಮಾತಿನ ಹಿಂದೆ ಯಾರೋ ಕುಟ್ಟುವ ಸದ್ದು ಕೇಳಿ, ಫೋನ್ ಹಿಡಿದಿದ್ದರೂ ನಿಲ್ಲದ ಆ ಸದ್ದು ಅವಳದೇ ಎಂದು ಅವನಿಗೆ ತಿಳಿಯಿತು. ಪಟ್ಟಿ ಸುತ್ತಿದ ಕೈಯಲ್ಲಿ ಫೋನು, ಎಡಗೈಯಲ್ಲಿ ಗುಂಡುಕಲ್ಲು.

"ಬಿಡು ಅಂತ ಹೇಳಿಲ್ಲೇನು ನಿನಗ?"

"ಬಿಟ್ರ ಶೇಂಗಾ ತಾನೇ ಪುಡಿ ಆಗತಾದೇನ್ರಿ?" ಎಂದು ಅವಳು ಫೋನ್ ಇಟ್ಟಳು.

ಆಗಲೇ ಆಟೋ ಒಂದು ಗುಂಡಿಯಾಚೆ ನಿಂತು, ಅದರಿಂದ ಬೆಳ್ಳಗಿನ ಕೂದಲಿನ ಹೆಂಗಸೊಬ್ಬರು ಇಳಿದು, ಸೀರೆ ಎತ್ತಿ ಹಿಡಿದು ಹಲಗೆಯ ಮೇಲೆ ನಿಧಾನವಾಗಿ ನಡೆದು ಬಂದರು. ಹೆಸರು ಜಹನಾರಾ, ರಿಚರ್ಡ್ಸ್ ಟೌನಿನವರು, ಟೀಚರಾಗಿದ್ದವರು ಎಂಬುದೆಲ್ಲ ಆಮೇಲೆ ಗೊತ್ತಾದದ್ದು. ಮಿಕ್ಸಿ ತೋರಿಸಿ ಎಂದರು. ಸಾಹೇಬರು ಎದ್ದ ರಭಸಕ್ಕೆ ಕುಕ್ಕರಿನ ಮುಚ್ಚಳ ಉರುಳಿತು. ಆಕೆ ಅದನ್ನು ಎತ್ತಿಕೊಡಲು ಬಗ್ಗಿದಾಗ ಟವೆಲಿನಡಿಯ ಮಿಕ್ಸಿ ಕಣ್ಣಿಗೆ ಬಿತ್ತು.

"ಇದೇನಾ ಆ ಮಿಕ್ಸಿ? ಹೇಗಿದೆ ಬೇಟಾ?"

ಸಾಹೇಬರು ಆಕೆಯ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಬೇಡಿಕೊಂಡರು. ಎದುರುಗಡೆ ದತ್ತು ತುಟಿಯ ಮೇಲೆ ಬೆರಳಿಟ್ಟ. ನಿಂಗಣ್ಣನ ಕಿವಿಯಲ್ಲಿ ಒರಳಿನ ಸದ್ದು ಇನ್ನೂ ಇತ್ತು. ಚೆನ್ನಾಗಿದೆ ಎಂಬ ಒಂದು ಮಾತು ಸಾಕಿತ್ತು. ಮಾತೂ ಬೇಡ, ಸುಮ್ಮನೆ ನಕ್ಕಿದ್ದರೂ ನಡೆಯುತ್ತಿತ್ತು. ಅವನು ಆಕೆಯ ಕೈ ನೋಡಿದ. ಗಂಟುಗಂಟಾದ ಬೆರಳುಗಳು, ಇನ್ನು ಒರಳು ಹಿಡಿಯಲಾರದವು.

"ಇದು ನಿನ್ನೆ ಸುಟ್ಟೈತ್ರಿ ಅಮ್ಮಾ," ಎಂದ. "ಸೀಲ್ ಬ್ಯಾರೆ ಹರಿದೈತಿ. ಬದ್ಲಿ ಕೊಡ್ತೀನಿ ಅಂದಾರ. ಬೋಣಿ ಆಗ್ಲಿ ಅಂತ ಮುಂಜಾನಿಂದ ಕುಂತೀನ್ರಿ."

ಸಾಹೇಬರು ಕಣ್ಣು ಮುಚ್ಚಿಕೊಂಡರು. ಜಹನಾರಾ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಬೆಳಿಗ್ಗೆಯಿಂದ ಇವರನ್ನು ಬಾಗಿಲಲ್ಲೇ ಕೂರಿಸಿದ್ದೀರಾ ಎಂದು ಕೇಳಿದರು. ಹೌದು ಎಂದರು ಸಾಹೇಬರು. ಸೀಲು ಹರಿದರೂ ಕೊಡುತ್ತೀರಾ? ಕೊಡುತ್ತೇನೆ. ಆಕೆ ಪರ್ಸಿನ ಜಿಪ್ಪು ಎಳೆದರು.

"ಹೋದ ಸಲ ದೊಡ್ಡ ಅಂಗಡೀಲಿ ತಗೊಂಡಿದ್ದೆ. ಕೆಟ್ಟಾಗ ಒಂದನ್ನ ಒತ್ತಿ, ಎರಡನ್ನ ಒತ್ತಿ ಅಂತ ಫೋನಲ್ಲಿ ಒಂದು ತಿಂಗಳು ಒತ್ತಿಸಿದ್ರು. ಒಬ್ಬ ಮನುಷ್ಯನ ಮುಖ ಕಾಣ್ಲಿಲ್ಲ. ಇಲ್ಲಿ ಕಂಪ್ಲೇಂಟ್ ಮಾಡೋರಿಗೆ ಸ್ಟೂಲ್ ಹಾಕಿ ಕೂರ್ಸಿದೀರಿ. ನಂಗೂ ಒಂದು ಕೊಡಿ. ಕೆಟ್ರೆ ಬಂದು ಇವರ ಪಕ್ಕ ಕೂತ್ಕೋತೀನಿ."

ಸಾಹೇಬರು ಏಣಿ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದರು. ಎಲ್ಲರೆದುರು ಪ್ಲಗ್ ಹಾಕಿ ತಿರುಗಿಸಿದರು. ಅದು ತುಂಬಿದ ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು. ನೋಟುಗಳನ್ನು ಕಣ್ಣಿಗೊತ್ತಿಕೊಂಡು ಗಲ್ಲೆಗೆ ಹಾಕಿದರು. ದತ್ತು ಪೆಟ್ಟಿಗೆಯನ್ನು ಆಟೋದವರೆಗೂ ಹೊತ್ತು ಕೊಟ್ಟ. ಆಟೋ ಹೋಯಿತು.

ಬೋಣಿಯಾಯಿತು. ಮಂಜೂರ್ ಸಾಹೇಬರು ಹತ್ತು ವರ್ಷ ಚಿಕ್ಕವರಾದಂತೆ ನಿಂಗಣ್ಣನ ಬೆನ್ನು ತಟ್ಟಿ, ಈಗ ನಿಮ್ಮದು ಎಂದು ಮತ್ತೆ ಏಣಿ ಹತ್ತಿದರು. ಅಟ್ಟದಲ್ಲಿ ಪೆಟ್ಟಿಗೆಗಳು ಆ ಕಡೆ ಈ ಕಡೆ ಸರಿದಾಡಿದ ಸದ್ದು ಕೇಳಿಸಿತು. ಸದ್ದು ನಿಂತಿತು. ಪುನಃ ಶುರುವಾಯಿತು. ಆಮೇಲೆ ಪೂರ್ತಿ ನಿಂತಿತು. ಸಾಹೇಬರು ಟೋಪಿಯ ತುಂಬ ಧೂಳು ಹೊತ್ತು, ಬರಿಗೈಯಲ್ಲಿ, ಒಂದೊಂದೇ ಮೆಟ್ಟಿಲು ಇಳಿದರು.

ಜಹನಾರಾ ಒಯ್ದದ್ದೇ ಕೊನೆಯದು.

ಹಾಗಾದರೆ ದುಡ್ಡಾದರೂ ಕೊಡಿ ಎಂದು ನಿಂಗಣ್ಣ ಮೆಲ್ಲಗೆ ಕೇಳಿದ. ಗಲ್ಲೆಯಲ್ಲಿ ಇದ್ದದ್ದು ಬೋಣಿಯ ನೋಟು ಮಾತ್ರ. ಬೋಣಿಯ ನೋಟು ಅಂಗಡಿ ಮುಚ್ಚುವವರೆಗೆ ಹೊರಗೆ ಹೋಗುವಂತಿಲ್ಲ. ಒಂಬತ್ತು ಗಂಟೆಯವರೆಗೆ ಕೂತರೆ ಕೊಡುತ್ತೇನೆ, ಇಲ್ಲವೇ ಸೋಮವಾರ ಹೊಸ ಮಾಲು ಬರುತ್ತದೆ, ಮೊದಲನೆಯದು ನಿಮ್ಮದೇ ಎಂದರು ಸಾಹೇಬರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಒಂಬತ್ತಕ್ಕೆ ದುಡ್ಡು ಸಿಕ್ಕಿ, ಹತ್ತಕ್ಕೆ ಮನೆ ಸೇರಿ, ಅಷ್ಟರಲ್ಲಿ ಹುಸೇನಮ್ಮನ ಎಡಗೈಗೂ ಪಟ್ಟಿ ಬೀಳುವುದು ಬೇಡವೆಂದು ನಿಂಗಣ್ಣ ಸೋಮವಾರಕ್ಕೇ ಒಪ್ಪಿದ. ನಾಗರತ್ನಾಳ ಪಾಠ ಮರೆಯದೆ, ಸೋಮವಾರ ಬದಲಾಯಿಸಿ ಕೊಡುತ್ತೇನೆ ಎಂದು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಂಡ. ಬೋಣಿಯಾದ ಮೇಲೇ ಬರುತ್ತೇನೆ ಎಂದು ತಾನಾಗಿಯೇ ಹೇಳಿದ.

"ಅಯ್ಯೋ, ಬೇಡ ಭಾಯ್," ಎಂದರು ಸಾಹೇಬರು. "ಮುಂಚೇನೇ ಬಂದ್ಬಿಡಿ. ಇದನ್ನೂ ಹಿಡ್ಕೊಂಡ್ ಬನ್ನಿ. ಇಲ್ಲೇ ಕೂತ್ಕೊಳಿ."

ಸಂಜೆ ಐದಕ್ಕೆ ಮಿಕ್ಸಿಯೊಂದಿಗೆ ನಿಂಗಣ್ಣ ಮನೆ ತಲುಪಿದ. ಸಾಲುಮನೆಯವರೆಲ್ಲ ಬಾಗಿಲಲ್ಲಿ ನೆರೆದರು. ನಾಗರತ್ನಾ ಬಿಲ್ಲಿನ ಹಿಂದಿನ ಬರಹವನ್ನು ಗಟ್ಟಿಯಾಗಿ ಓದಿ, ಸಹಿ ಬಿದ್ದಿದೆ, ಇನ್ನು ತಪ್ಪಿಸಿಕೊಳ್ಳೋ ಹಾಗಿಲ್ಲ, ಕೇಸು ನಮ್ಮ ಕಡೆಗೇ ಇದೆ ಎಂದಳು. ಜಹನಾರಾ ಹೇಳಿದ್ದು ಸರಿಯೋ ತಪ್ಪೋ ಎಂದು ಗಂಡಸರಲ್ಲಿ ಚರ್ಚೆಯಾಯಿತು. ಬೋಣಿಯ ವಿಷಯದಲ್ಲಿ ಎರಡು ಪಕ್ಷವಾಯಿತು. ಒಳಗೆ ಒರಳಿನ ಮುಂದೆ ಕೂತಿದ್ದ ಹುಸೇನಮ್ಮ ಎಲ್ಲವನ್ನೂ ಕೇಳಿದಳು. ದಿನವಿಡೀ ಎಡಗೈಯಲ್ಲಿ ಕುಟ್ಟಿದ್ದು ಎರಡು ಹಿಡಿ. ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಅದೆಲ್ಲ ಖರೇನ ಐತಿ. ಮಿಕ್ಸಿ ಕೆಟ್ಟೈತಿ. ನನ್ನ ಕೈ ಕೆಟ್ಟೈತಿ. ನಿಮ್ಮ ಕೈಗೇನಾಗೈತ್ರಿ?"

ನಿಂಗಣ್ಣ ತನ್ನ ಕೈ ನೋಡಿಕೊಂಡ. ಇಪ್ಪತ್ತು ವರ್ಷ ಕಲ್ಲು ಸಿಮೆಂಟು ಹೊತ್ತ ಕೈ. ನಿನ್ನೆ ಸಂಜೆಯಿಂದ ತನ್ನ ಹತ್ತಿರವೇ ಇದ್ದ ಕೈ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಸ್ಟೂಲಿನ ಮೇಲೆ ಇಷ್ಟೂ ಹೊತ್ತು ಏನೂ ಕೆಲಸವಿಲ್ಲದೆ ಮಿಕ್ಸಿ ಹಿಡಿದು ಕೂತಿದ್ದ ಕೈ. ಇದು ಅವನಿಗೂ ಹೊಳೆದಿರಲಿಲ್ಲ, ನಾಗರತ್ನಾಳಿಗೂ ಹೊಳೆದಿರಲಿಲ್ಲ, ಸಹಾಯವಾಣಿಯ ಹುಡುಗಿಯೂ ಕೇಳಿರಲಿಲ್ಲ. ಅವನು ಅಂಗಿಯ ತೋಳು ಮಡಿಸಿ ಒರಳಿನ ಮುಂದೆ ಕೂತ. ಬಾಗಿಲಲ್ಲಿದ್ದ ಗಂಡಸರು ತಮ್ಮ ಹೆಂಡಂದಿರು ನೋಡುವ ಮುಂಚೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಭಾನುವಾರ ಕೆರೆ ಏರಿಯ ಮೇಲೆ, ಈ ವರ್ಷದ ಹೋಳಿಗೆಯಂಥದ್ದು ಎಂದೂ ಆಗಿರಲಿಲ್ಲ, ಹೂರಣ ಎಷ್ಟು ನುಣ್ಣಗಿದೆ ಎಂದು ಎಲ್ಲರೂ ಹೊಗಳಿದರು. ನಿಂಗಣ್ಣನ ಅಂಗೈಯಲ್ಲಿ ಮೂರು ಗುಳ್ಳೆ ಎದ್ದಿದ್ದರಿಂದ ಅವನು ಹೋಳಿಗೆಯನ್ನು ಬೆರಳತುದಿಯಲ್ಲೇ ಮುರಿದು ತಿಂದ.

ಸೋಮವಾರ ಬೆಳಿಗ್ಗೆ ಬೇಗನೆ ಸ್ನಾನ ಮಾಡಿ, ಮಿಕ್ಸಿಗೆ ಟವೆಲ್ ಸುತ್ತಿ, ಬಿಲ್ ಹುಡುಕಿದ. ಅದು ಹುಸೇನಮ್ಮನ ಕೈಯಲ್ಲಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಜೋಳದ ಡಬ್ಬಿಯ ತಳಕ್ಕೆ ಸೇರಿಸಿ, ಮುಚ್ಚಳ ಒತ್ತಿ ಹಾಕಿದಳು.

"ಗಡಿಬಿಡಿ ಏನೈತ್ರಿ," ಎಂದಳು. "ವಾರಂಟಿ ಎರಡು ವರ್ಷ ಐತಲ್ಲ."